ಹಾಡು ಬೀಳಬಾರದು

ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹೆದರುವವರು ಬೇಕಾದಷ್ಟಿದ್ದಾರೆ. ನನ್ನ ಭಯ ಬಾಯಿ ಮುಚ್ಚಿಕೊಳ್ಳುವುದರದ್ದು. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಹಟಹಿಡಿದು ಓದಿ, ಕುಂದಲಹಳ್ಳಿಯ ಕಂಪನಿಯೊಂದರಲ್ಲಿ ಕೆಲಸ ಗಿಟ್ಟಿಸಿದವಳು. ಯಾವ ಪರೀಕ್ಷೆಗೂ ಹೀಗೆ ನಡುಗಿರಲಿಲ್ಲ.

ಆಫೀಸಿನಲ್ಲಿ ಒಂದು ಹಾಡಿನ ತಂಡವಿದೆ. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ, ಎಲ್ಲವೂ ಗಂಟಲಿನದೇ ಕೆಲಸ. ಕೆಲವರು ಹಾಡುತ್ತಾರೆ, ಕೆಲವರು ಬಾಯಲ್ಲೇ ತಾಳ ಹಾಕುತ್ತಾರೆ, ನನ್ನಂಥವರು ಶ್ರುತಿಪೆಟ್ಟಿಗೆಯ ಹಾಗೆ 'ಆ' ಎಂದು ಎಳೆಯುತ್ತಾರೆ. ವಾರ್ಷಿಕೋತ್ಸವಕ್ಕೆ ನಮ್ಮೂರ ಸೋಬಾನೆ ಪದವೊಂದನ್ನು ಹೊಸದಾಗಿ ಹೊಂದಿಸಿದ್ದರು. ಅವ್ವನಿಂದ ಕೇಳಿ ತಂದುಕೊಟ್ಟವಳು ನಾನೇ ಎಂಬ ಜಂಬ ಬೇರೆ. ತಂಡ ನಡೆಸುವ ವಿನೀತಾ ಅದರ ನಡುವೆ ಒಂದು ಮೌನ ಇಟ್ಟರು. ಎಲ್ಲರೂ ಗಕ್ಕನೆ ನಿಲ್ಲಬೇಕು, ಸಭೆ ಉಸಿರು ಹಿಡಿಯಬೇಕು, ಆಮೇಲೆ ಒಟ್ಟಿಗೆ ಎತ್ತಿಕೊಳ್ಳಬೇಕು.

ನನಗೆ ಕಷ್ಟವಾದದ್ದು ಅಲ್ಲೇ. ನಮ್ಮೂರಲ್ಲಿ ಹಸೆಯ ಮುಂದೆ ಹೆಂಗಸರು ಎರಡು ಗುಂಪಾಗಿ ಕೂತು ಹಾಡುತ್ತಾರೆ. ಒಂದು ಗುಂಪಿಗೆ ಉಸಿರು ಕಟ್ಟಿದರೆ ಇನ್ನೊಂದು ಎತ್ತಿಕೊಳ್ಳಬೇಕು. ನಡುವೆ ಹಾಡು ಬಿದ್ದರೆ ಮದುಮಗಳಿಗೆ ಒಳ್ಳೆಯದಲ್ಲ. ಚಿಕ್ಕವಳಿದ್ದಾಗ ಬಾಯಿತುಂಬ ಕೊಬ್ಬರಿ ಸಕ್ಕರೆ ತುಂಬಿಕೊಂಡು ಸಾಲು ಬಿಟ್ಟದ್ದಕ್ಕೆ ಅವ್ವ ಹಾಡುತ್ತಲೇ ತೊಡೆ ಚಿವುಟಿದ್ದಳು. ಆ ಚಿವುಟು ಇನ್ನೂ ಕೆಲಸ ಮಾಡುತ್ತಿದೆ. ಅಭ್ಯಾಸದಲ್ಲಿ ಮೌನ ಬಂದಾಗಲೆಲ್ಲ ನನ್ನ ದನಿ ತಾನಾಗಿಯೇ ಹೊರಬೀಳುತ್ತಿತ್ತು.

"ಏನ್ರೀ, ಸೈಲೆನ್ಸ್ ಕಂಡ್ರೆ ಅಲರ್ಜಿನಾ ನಿಮ್ಗೆ?" ಎಂದರು ವಿನೀತಾ. "ಇನ್ನೊಂದ್ಸಲ ಹಿಂಗಾದ್ರೆ ನೀವು ಸ್ಟೇಜ್ ಹತ್ತೋದ್ ಬೇಡ."

ಅಷ್ಟರಲ್ಲಿ ಅವ್ವ ಕಾಡುಗೋಡಿಯ ನಮ್ಮ ವಠಾರಕ್ಕೆಲ್ಲ ಮಗಳು ಹಾಡುತ್ತಾಳೆಂದು ಸಾರಿಯಾಗಿತ್ತು. ಅವತ್ತು ಉಟ್ಟು ಬರಲು ತನ್ನ ಸೀರೆಗೆ ಫಾಲ್ ಕೂಡ ಹಚ್ಚಿಸಿಯಾಗಿತ್ತು. ನಾನು ಮೆಟ್ರೊದಲ್ಲಿ, ಲಿಫ್ಟಿನಲ್ಲಿ ಹಲ್ಲು ಕಚ್ಚಿ ಮೌನದ ಅಭ್ಯಾಸ ಮಾಡಿದೆ. ಗೇಟಿನ ಸೆಕ್ಯೂರಿಟಿಯವರು, "ಹಲ್ಲುನೋವಾ ಮೇಡಂ?" ಎಂದು ಮರುಗಿ ಲವಂಗ ಕೊಟ್ಟರು.

ಆ ದಿನ ಬಂದೇ ಬಂತು. ಹಾಡು ಏರಿತು, ಗಕ್ಕನೆ ನಿಂತಿತು. ನಾನು ತುಟಿ ಬಿಗಿದೆ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಸಭೆಯ ಮುಂದಿನ ಕುರ್ಚಿಯಿಂದ ಕಂಚಿನಂಥ ದನಿಯೊಂದು ಎದ್ದಿತು. ಅವ್ವ! ಬಿದ್ದ ಹಾಡನ್ನು ಎತ್ತಿಕೊಂಡಿದ್ದಳು. ವಿನೀತಾರ ಕೈ ಗಾಳಿಯಲ್ಲೇ ನಿಂತಿತು. ಬೇರೆ ದಾರಿ ಕಾಣದೆ ತಂಡವೆಲ್ಲ ಅವ್ವನ ಹಿಂದೆ ಹೊರಟಿತು.

ಆಟೋದಲ್ಲಿ ಅವ್ವ ಬೈದಳು: "ಅಷ್ಟು ಜನ ಇದ್ದು ಅಂಗೇ ಕೈಬಿಟ್ಬುಟ್ರಲ್ಲೇ!"

"ಬೇಕಂತಲೇ ನಿಲ್ಸಿದ್ದು ಕಣವ್ವಾ."

"ಬೇಕಂತ ಯಾರಾರ ಹಾಡ್ ಬೀಳುಸ್ತಾರಾ?"

ಆ ಹಾಡಿನ ವಿಡಿಯೊ ಈಗ ವಠಾರದಲ್ಲೆಲ್ಲ ಓಡಾಡುತ್ತಿದೆ. ಅದರಲ್ಲಿ ಎಲ್ಲರ ಬಾಯಿಯೂ ತೆರೆದಿದೆ, ನನ್ನದೊಂದನ್ನು ಬಿಟ್ಟು. ಅಷ್ಟು ಕಷ್ಟಪಟ್ಟು ಬಿಗಿದ ತುಟಿಯನ್ನು ಮತ್ತೆ ಬಿಚ್ಚುವುದೇ ಮರೆತು, ಹಾಡು ಮುಗಿಯುವ ತನಕ ಹಾಗೇ ನಿಂತಿದ್ದೇನೆ. ಪಕ್ಕದ ಮನೆಯ ಅಕ್ಕ ನಿನ್ನೆ ಕೇಳಿದರು: "ನಿಮ್ಮವ್ವ ಸಕ್ಕತ್ತಾಗ್ ಹಾಡವ್ರೆ ಕಣೇ. ಅಲ್ಲಾ, ನೀನ್ಯಾಕೆ ಮೇಲೆ ಹತ್ತಿ ನಿಂತಿದ್ದೆ?"