ಗಿರಾಕಿಯಾಗಲು ಹೋದ ಅಳಿಯ

ಭದ್ರಾವತಿಯಲ್ಲಿ ಗೇಟು, ಗ್ರಿಲ್ಲು, ಕಿಟಕಿ ಸರಳು ಏನೇ ಇರಲಿ, ವೆಲ್ಡಿಂಗ್ ಅಂದರೆ ನಾನು. ಇದು ಜಂಬವಲ್ಲ, ಮಾಹಿತಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅವತ್ತಿನಿಂದ ದುಡಿಯುತ್ತಲೇ ಇದ್ದೀನಿ. ಆದರೆ ಗಿರಾಕಿ ಅನ್ನೋ ಪ್ರಾಣಿ ಇದೆಯಲ್ಲ, ಅದಕ್ಕೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಕುರ್ಚಿ ಎಳ್ಕೊಂಡು ಕೂತು, ನನ್ನದೇ ಟೀ ಕುಡಿದು, "ಏನ್ರೀ, ಇದು ಗೇಟಾ, ಕೋಳಿಗೂಡಾ?" ಅನ್ನುತ್ತೆ. ನಾನು ಮೀಸೆ ಕೆಳಗೆ ಹಲ್ಲು ಕಿರಿದು "ಸರಿ ಮಾಡ್ಕೊಡ್ತೀನಿ ಸಾರ್" ಅನ್ನಬೇಕು.

ಹಾಗಾಗಿ ನನಗಿದ್ದದ್ದು ಒಂದೇ ಆಸೆ. ಎರಡು ದಿನವಾದರೂ ನಾನೂ ಗಿರಾಕಿಯಾಗಬೇಕು. ಕಾಲ ಮೇಲೆ ಕಾಲು ಹಾಕಿ ಕೂರಬೇಕು. ಯಾರಾದರೂ ಬಡಿಸಬೇಕು. ನಾನು ಬೈಯಬೇಕು!

"ಬೈಯೋಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ಮನೇಲೇ ಬೈತೀರಲ್ಲ," ಅಂದಳು ಹೆಂಡತಿ ಗಿರಿಜಾ.

"ಮನೇಲಿ ಬೈದ್ರೆ ನೀನು ತಿರುಗಿ ಬೈತೀಯ. ದುಡ್ಡು ಕೊಟ್ಟು ಬೈಯೋ ಸುಖಾನೇ ಬೇರೆ ಮಾರಾಯ್ತಿ!"

ಘಟ್ಟದ ಮೇಲೆ ಒಂದು ಅಗ್ಗದ ಹೋಂಸ್ಟೇ ಸಿಕ್ಕಿತು. 'ಮನೆಯವರೇ ನಡೆಸುತ್ತಾರೆ, ನಿಮ್ಮ ಮನೆಯಂತೆಯೇ ಇರುತ್ತದೆ' ಅಂತ ಫೋನಿನಲ್ಲಿ ಬರೆದಿದ್ದರು. ಆ ಎರಡನೇ ಮಾತನ್ನು ನಾನು ಇನ್ನೊಂದು ಸಲ ಓದಬೇಕಿತ್ತು.

ಹೋಗಿ ಇಳಿದರೆ ಲುಂಗಿ ಉಟ್ಟ ಒಬ್ಬ ಆಸಾಮಿ ಬ್ಯಾಗಿಗೆ ಕೈಹಾಕಿದ. ಹೆಸರು ಚಂದ್ರಣ್ಣ.

"ಮ್ಯಾನೇಜರ್ ಎಲ್ಲಪ್ಪ?"

"ನಾನೇ ಸಾರ್."

"ರೂಂ ಬಾಯ್?"

"ನಾನೇ ಸಾರ್."

"ಅಡುಗೆಯವರು?"

"ನಮ್ಮಮ್ಮ."

ಇದು ಹೋಂಸ್ಟೇ ಅಲ್ಲ, ಯಾರದೋ ಮನೆಗೆ ನಾವು ನುಗ್ಗಿದ್ದೀವಿ!

ಸರಿ, ಬಂದ ಕೆಲಸ ಶುರು ಮಾಡಿದೆ. ಕಬ್ಬಿಣದ ಮಂಚದ ಮೇಲೆ ಕೂತರೆ ಕುಯ್ಯೋ ಅಂತು. "ಇದು ಮಂಚಾನಾ, ಹಾರ್ಮೋನಿಯಮ್ಮಾ?" ಅಂದೆ. ಬಚ್ಚಲಲ್ಲಿ ಸೌದೆ ಒಲೆ; ಸ್ನಾನ ಮಾಡಿ ಬಂದರೆ ಮೈಯೆಲ್ಲ ಹೊಗೆ ವಾಸನೆ. ಅದಕ್ಕೂ ಬೈದೆ. ಸಂಜೆ ಸೂರ್ಯ ಮುಳುಗೋದು ತೋರಿಸ್ತೀನಿ ಅಂತ ಚಂದ್ರಣ್ಣ ಗುಡ್ಡ ಹತ್ತಿಸಿದ. ಎದುರಿಗೆ ಬರೀ ಮಂಜು.

"ಎಲ್ಲಯ್ಯ ಸೂರ್ಯ?"

"ಅದರ ಹಿಂದೆ ಇದಾನೆ ಸಾರ್."

"ಹಿಂದೆ ಇರೋ ಸೂರ್ಯ ಭದ್ರಾವತೀಲೂ ಸಿಗ್ತಾನಪ್ಪ! ಅದಕ್ಕೆ ಇಷ್ಟು ದೂರ ಬರ್ಬೇಕಾ?"

ಪ್ರತಿ ಸಲವೂ ಅವನು ಹಲ್ಲು ಕಿರಿದು "ಸರಿ ಮಾಡಿಸ್ತೀನಿ ಸಾರ್" ಅಂದ. ಸೂರ್ಯನ ವಿಷಯಕ್ಕೂ ಅದೇ ಅಂದ! ಆಹಾ, ಆ ಮಾತು ಬೇರೆಯವರ ಬಾಯಲ್ಲಿ ಎಷ್ಟು ಇಂಪು! ಊರಿಗೆ ಹೋದ ಕೂಡಲೇ ಫೋನಿನಲ್ಲಿ ಒಂದೇ ಒಂದು ಸ್ಟಾರ್ ಒತ್ತುವುದೆಂದು ತೀರ್ಮಾನಿಸಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಊಟಕ್ಕೆ ಕೂತಾಗ ಸಾರು ತಣ್ಣಗಿತ್ತು. ನನಗೆ ವೀರಾವೇಶ ಬಂತು. "ನನ್ನ ಯಾರಂತ ತಿಳ್ಕೊಂಡಿದ್ದೀರ? ಹೊಳೆಹೊನ್ನೂರಿನ ಭತ್ತದ ವ್ಯಾಪಾರಿ ರುದ್ರಪ್ಪನೋರ ಅಳಿಯ ನಾನು!"

ಗಿರಿಜಾ ತೊಡೆ ಚಿವುಟಿದಳು. ತಡವಾಗಿತ್ತು.

ಚಂದ್ರಣ್ಣನ ತಾಯಿ ಪಾರ್ವತಮ್ಮ ಸೌಟು ಹಿಡಿದೇ ಓಡಿಬಂದರು. "ಯಾವ ರುದ್ರಪ್ಪ? ಅವರಣ್ಣನ ಮಗಳು ಶಾಂತನ್ನ ನಮ್ಮಣ್ಣನ ಮಗನಿಗೇ ಅಲ್ವಾ ಕೊಟ್ಟಿರೋದು!"

"ನಮ್ಮ ಶಾಂತಕ್ಕನಾ?" ಗಿರಿಜಾ ಎಂಜಲು ಕೈಯಲ್ಲೇ ಎದ್ದಳು.

"ಅಯ್ಯೋ ನನ್ ಕೂಸೇ! ನಿನ್ನ ನಾಮಕರಣಕ್ಕೆ ಬಂದಿದ್ದೆ ಕಣೇ!"

ಇಬ್ಬರೂ ಅತ್ತರು. ನಾನು ಹಿಗ್ಗಿದೆ. ಅಳಿಯ ಅಂದರೆ ಗಿರಾಕಿಗಿಂತ ಒಂದು ಮೆಟ್ಟಿಲು ಮೇಲಲ್ಲವೇ? ಇನ್ನು ಹೋಳಿಗೆ, ತುಪ್ಪ...

ಹೋಳಿಗೆ ಬರಲಿಲ್ಲ. ಅಡ್ವಾನ್ಸ್ ವಾಪಸ್ ಬಂತು! "ನಮ್ಮೋರ ಹತ್ರ ದುಡ್ಡು ಇಸ್ಕೊಳ್ಳೋದಾ? ಶಿವ ಶಿವಾ!" ಅಂತ ಪಾರ್ವತಮ್ಮ ಗಿರಿಜಾ ಕೈಗೆ ತುರುಕಿದರು. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ. ದುಡ್ಡು ಬಂತು, ಬೈಯುವ ಹಕ್ಕು ಹೋಯಿತು.

ಬೆಳಿಗ್ಗೆ ಶಿವಮೊಗ್ಗದಿಂದ ಒಂದು ಸಂಸಾರ ಕಾರಲ್ಲಿ ಬಂದಿಳಿಯಿತು. ಅಷ್ಟರಲ್ಲಿ ಚಂದ್ರಣ್ಣನ ಬಾಯಲ್ಲಿ 'ಸಾರ್' ಹೋಗಿ 'ಭಾವ' ಬಂದಿತ್ತು. "ಭಾವ, ಗಿರಾಕಿ ಬಂದಿದಾರೆ. ರೂಂ ಬಿಟ್ಕೊಡಿ, ನೀವು ನಡುಮನೇಲಿ ಅಡ್ಜಸ್ಟ್ ಮಾಡ್ಕೊಳ್ಳಿ. ನಾವು ನಾವೇ ಅಲ್ವಾ?"

ಅದರ ಹಿಂದೆಯೇ ಒಳಗಿಂದ ಪಾರ್ವತಮ್ಮ: "ಅಳಿಯಂದ್ರೆ, ಕೈ ಸಾಲ್ತಿಲ್ಲ. ಒಂಚೂರು ಬಡಿಸ್ತೀರಾ?"

ಹೊರಗಿನವರು ಕೂರೋದು, ಮನೆಯವರು ಬಡಿಸೋದು. ಇದು ನಮ್ಮ ಕಡೆ ಶಾಸನ. ಇಲ್ಲ ಅನ್ನೋಕೆ ಬಾಯಿ ಎಲ್ಲಿದೆ? ಗಿರಿಜಾ ಕಡೆ ನೋಡಿದೆ. ಅವಳು ಒಲೆ ಮುಂದೆ ಕಾಫಿ ಹೀರುತ್ತಾ, "ಬಡಿಸ್ರೀ, ರುದ್ರಪ್ಪನೋರ ಅಳಿಯ ಅಲ್ವಾ!" ಅಂದಳು.

ಸೊಂಟಕ್ಕೆ ಟವೆಲ್ ಬಿಗಿದು ಕಡುಬಿನ ಪಾತ್ರೆ ಹಿಡಿದೆ. ಶಿವಮೊಗ್ಗದ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕಡುಬನ್ನು ಬೆರಳಲ್ಲಿ ಒತ್ತಿ, "ಏನ್ರೀ, ಇದು ಕಡುಬಾ, ಕ್ರಿಕೆಟ್ ಬಾಲಾ?" ಅಂದರು.

ಈ ಧ್ವನಿ ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. ನಿನ್ನೆಯ ನನ್ನದೇ!

"ಕಡುಬು ಸರಿಯಾಗೇ ಇದೆ ಸಾರ್. ತಿನ್ನೋಕೆ ಹಲ್ಲಿರ್ಬೇಕು!" ಅಂದುಬಿಟ್ಟೆ.

"ಗಿರಾಕಿ ಹತ್ರ ಹಂಗೆಲ್ಲ ಮಾತಾಡ್ಬಾರ್ದು ಅಳಿಯಂದ್ರೆ!" ಒಳಗಿಂದ ಪಾರ್ವತಮ್ಮ ಗದರಿದರು.

ಹಲ್ಲು ಕಿರಿದೆ. "ಬೇರೆ ಬಿಸೀದು ತಂದ್ಕೊಡ್ತೀನಿ ಸಾರ್." ಘಟ್ಟ ಹತ್ತಿದರೂ ಬಾಯಿಗೆ ಅದೇ ಪಾಠ!

ಪಾತ್ರೆ ಕೆಳಗಿಟ್ಟಿದ್ದೇ ತಡ, ಚಂದ್ರಣ್ಣ ಸ್ಪ್ಯಾನರ್ ಹಿಡಿದು ನಿಂತಿದ್ದ. "ಭಾವ, ನೀವು ಕಬ್ಬಿಣದ ಕೆಲಸದೋರಂತಲ್ಲ, ಅಕ್ಕ ಹೇಳಿದ್ರು. ಆ ಹಾರ್ಮೋನಿಯಂ ಒಂಚೂರು ನೋಡಿ." ಶಿವಮೊಗ್ಗದವರು ಸುಖವಾಗಿ ಮಲಗಲೆಂದು ನಾನು ಮಂಚದಡಿ ಅಂಗಾತ ಮಲಗಿ ನಟ್ಟು ಬಿಗಿದೆ.

ಊರಿಗೆ ಬಂದ ಮೇಲೆ ಒಂದು ಸ್ಟಾರ್ ಒತ್ತಲು ಫೋನ್ ಕೇಳಿದೆ. ಗಿರಿಜಾ ಆಗಲೇ ನನ್ನ ಹೆಸರಲ್ಲಿ ಐದೂ ಒತ್ತಿದ್ದಳು. "ಸಂಬಂಧಿಕರು ಕಣ್ರೀ!" ಅದರ ಕೆಳಗೆ ಶಿವಮೊಗ್ಗದ ಸಾಹೇಬರು ಬರೆದಿದ್ದನ್ನು ಅವಳೇ ಗಟ್ಟಿಯಾಗಿ ಓದಿದಳು: "ಜಾಗ ಚೆನ್ನಾಗಿದೆ. ಊಟ ಚೆನ್ನಾಗಿದೆ. ಮಂಚ ಬಲು ಗಟ್ಟಿ. ಬಡಿಸೋ ಮೀಸೆ ಮಾಣಿಗೆ ಮಾತ್ರ ಸ್ವಲ್ಪ ಮರ್ಯಾದೆ ಕಲಿಸಿ."

ಅದಕ್ಕೆ ಚಂದ್ರಣ್ಣ ಉತ್ತರ ಕೊಟ್ಟಿದ್ದ: "ಸರಿ ಮಾಡಿಸ್ತೀನಿ ಸಾರ್."

ಗಿರಿಜಾ ಫೋನ್ ಕೆಳಗಿಟ್ಟು ನನ್ನ ಮೀಸೆಯನ್ನೇ ನೋಡಿದಳು. ಸರಿ ಮಾಡೋದು ಎಲ್ಲಿಂದ ಶುರು ಮಾಡಲಿ ಅಂತಿರಬೇಕು!