ಹಳೇ ಕಾರು ಮತ್ತು ರವಿವಾರದ ಗಿರಾಕಿಗಳು

"ಭಾಯ್‌ಸಾಬ್, ಸ್ಟೇಷನ್ ಕಡೆ ಹೋಗೋದು ಹೇಗೆ?" ಅಂತ ನಾನು ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ್ದು ಕುರ್ಲಾದ ಒಂದು ಗಲ್ಲಿಯಲ್ಲಿ. ಎಷ್ಟು ತಿರುಗಿದರೂ ಅದೇ ಪಾನ್ ಅಂಗಡಿ ಎದುರಾಗುತ್ತಿತ್ತು. ಹಳೇ ಕಾರುಗಳ ಬೆಲೆ ಏರತೊಡಗಿದಾಗಿನಿಂದ ನನಗೆ ಇಂಥದ್ದು ಆಗುತ್ತಲೇ ಇದೆ. ನಾನು ಕೇಳುವುದು ಒಂದು, ಜನ ತಿರುಗಿ ಕೇಳುವುದು ಇನ್ನೊಂದು.

ದಾರಿ ಕೇಳಿದ್ದು

ಪಾನ್ ಅಂಗಡಿಯವನು ಕೈಯ ಸುಣ್ಣ ಒರೆಸಿಕೊಂಡು ಹೊರಬಂದ. ನನ್ನ ಕಡೆ ನೋಡಲಿಲ್ಲ. ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಟೈರಿಗೆ ಮೆಲ್ಲಗೆ ಒದ್ದು, "ಬೇಚ್‌ನಾ ಹೈ ಕ್ಯಾ?" ಅಂದ. ಮಾರೋದಿದೆಯಾ ಅಂತ.

"ಇಲ್ಲಪ್ಪ, ಸ್ಟೇಷನ್ನಿಗೆ ಹೋಗೋದಿದೆ."

"ಸ್ಟೇಷನ್ ಎಲ್ಲೂ ಓಡಿ ಹೋಗಲ್ಲ ಮ್ಯಾಡಮ್. ಗಾಡಿ ಯಾವ ವರ್ಷದ್ದು?"

ಅಷ್ಟರಲ್ಲಿ ಒಬ್ಬ ಬಾನೆಟ್ ಎತ್ತಿಸಿದ. ಇನ್ನೊಬ್ಬ ನೆಲಕ್ಕೆ ಬಗ್ಗಿ ತುಕ್ಕು ಹುಡುಕಿದ. ಹಿಂದಿನಿಂದ ಹಾರ್ನ್ ಬಾರಿಸುತ್ತಾ ಬಂದ ರಿಕ್ಷಾದವನು ಬೈಯಲೆಂದೇ ಇಳಿದವ, ಕಾರು ನೋಡಿ ತಾನೂ ಒಂದು ಬೆಲೆ ಹೇಳಿದ. ಒಡೆದ ಪಕ್ಕದ ಕನ್ನಡಿಗೆ ಹಳೆಯದೊಂದು ಜೋಡಿ ಸಿಗುತ್ತದೇನೋ ಎಂದು ಹುಡುಕಿಕೊಂಡು ಬಂದವಳು ನಾನು. ಕೈಯಲ್ಲಿ ಪುಟ್ಟ ಹಳದಿ ಬಾವುಟ ಹಿಡಿದು, ಪ್ರವಾಸದ ಗುಂಪುಗಳನ್ನು ದೇಶದೇಶಗಳಲ್ಲಿ ದಾರಿ ತಪ್ಪದಂತೆ ನಡೆಸಿದ್ದೇ ನನ್ನ ವೃತ್ತಿ. ಆ ನಾನು ಕುರ್ಲಾದಲ್ಲಿ ಕಳೆದುಹೋಗಿದ್ದೆ, ಮತ್ತು ಯಾರಿಗೂ ಅದರ ಗೊಡವೆ ಇರಲಿಲ್ಲ.

ಕೊನೆಗೆ ಬಿಳಿಗಡ್ಡದ ಒಬ್ಬ ಹಿರಿಯರು ಮುಂದೆ ಬಂದು, "ಬೇಟಿ, ನೇರ ಹೋಗು, ಹಿಟ್ಟಿನ ಗಿರಣಿ ಹತ್ತಿರ ಎಡಕ್ಕೆ, ಆಮೇಲೆ ಬಲಕ್ಕೆ" ಎಂದರು. ಈ ಊರಲ್ಲಿ ಇನ್ನೂ ಒಳ್ಳೆಯವರಿದ್ದಾರೆ ಅಂತ ಕಣ್ಣು ಮಂಜಾಯಿತು. ಹೇಳಿದಂತೆಯೇ ಹೋದೆ. ದಾರಿ ಮುಗಿದಲ್ಲಿ ಒಂದು ಗ್ಯಾರೇಜು. ಬಾಗಿಲಲ್ಲಿ ಒಬ್ಬ ಕೈ ಎತ್ತಿ ನಿಂತಿದ್ದ.

"ಬನ್ನಿ ಮ್ಯಾಡಮ್, ಬನ್ನಿ. ಚಾಚಾ ಈಗಷ್ಟೇ ಫೋನ್ ಮಾಡಿದ್ರು. ಎಷ್ಟಕ್ಕೆ ಕೊಡ್ತೀರಾ?"

ಜ್ವರ

ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ಕಾರಿಗಿಂತ ಕಾರು ನಿಲ್ಲಿಸುವ ಜಾಗ ದೊಡ್ಡದು. ಕಾರು ಇರುವ ತನಕ ಜಾಗ ನಿಮ್ಮದು. ಕಾರು ಹೋಯಿತೋ, ಜಾಗ ಸರದಿಯಲ್ಲಿ ಮುಂದಿರುವವರಿಗೆ. ಹೀಗಾಗಿ ನಮ್ಮಲ್ಲಿ ಎಂದೋ ಉಸಿರು ನಿಂತ ಕಾರುಗಳೂ ಹೊದಿಕೆ ಹೊದ್ದು ಜಾಗ ಕಾಯುತ್ತಾ ಬಿದ್ದಿವೆ.

ಸರದಿಯಲ್ಲಿ ಮೊದಲು ನಿಂತವರು ನೆಲಮಹಡಿಯ ಸಾಹೇಬರು, ನಿವೃತ್ತ ಬ್ಯಾಂಕ್ ಅಧಿಕಾರಿ. ಅವರ ಹೊಸ ಕಾರು ರಸ್ತೆ ಬದಿಯಲ್ಲಿ ಕಾಗೆಗಳ ಕೆಳಗೆ ನಿಲ್ಲುತ್ತದೆ. ಎದುರು ಸಿಕ್ಕಾಗಲೆಲ್ಲ, "ಗಾಡಿ ಹೇಗಿದೆ?" ಅನ್ನುತ್ತಾರೆ. ನಾನು ಹೇಗಿದ್ದೇನೆ ಅಂತ ಒಂದು ದಿನವೂ ಕೇಳಿದವರಲ್ಲ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದೆ. ಫೋನಿನಲ್ಲಿ ಊರೂರಿನವರ ನಂಬರುಗಳಿವೆ. ಆದರೆ ಒಂದು ಲೋಟ ನೀರು ತಂದುಕೊಡು ಎಂದು ಇಸ್ತಾಂಬುಲ್‌ಗೆ ಫೋನ್ ಮಾಡಲು ಆಗುತ್ತದೆಯೇ? ಹಾಗೇ ಚಾವಣಿ ನೋಡುತ್ತಾ ಬಿದ್ದಿದ್ದಾಗ ಒಂದು ಸಂಜೆ ಬಾಗಿಲ ಗಂಟೆ ಸದ್ದಾಯಿತು. ಗೋಡೆ ಹಿಡಿದುಕೊಂಡು ಹೋಗಿ ತೆರೆದರೆ ಸಾಹೇಬರು. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

"ಒಂದು ವಾರದಿಂದ ನೋಡ್ತಾ ಇದ್ದೀನಿ, ಅಲುಗಾಡಿದ್ದೇ ಕಾಣಲಿಲ್ಲ. ಅದಕ್ಕೇ ಗಾಬರಿಯಾಯ್ತು," ಅಂದರು.

ಬಾಗಿಲು ಪೂರ್ತಿ ತೆರೆದೆ. "ಜ್ವರ ಸಾಹೇಬ್ರೇ. ನೀವಾದರೂ ಬಂದಿರಲ್ಲ."

"ಓ, ಜ್ವರ ನಿಮಗಾ?" ಅವರ ಮುಖ ಸಣ್ಣದಾಯಿತು. "ಹಾಗಿದ್ರೆ ಗಾಡಿಗೆ ಏನೂ ಆಗಿಲ್ಲ."

ನೈರೋಬಿಯ ಅಣ್ಣ

ಕಾರು ಮಾರಬೇಕೆಂಬ ಯೋಚನೆ ನನಗೆ ಮೊದಲು ನಿಜವಾಗಿಯೇ ಇತ್ತು. ಪ್ರವಾಸದ ಕೆಲಸ ಬಿಟ್ಟಾಗಿತ್ತು, ಹೋಗಬೇಕಾದ ಜಾಗವೂ ಉಳಿದಿರಲಿಲ್ಲ. ಹೊಸ ಕಾರು ಕೈಗೆಟುಕದ ಜನ ಹಳೆಯದರ ಬೆನ್ನು ಹತ್ತಿದ್ದರು. ವಿಜಯಪುರದಿಂದ ಬಂದು ಇಲ್ಲೇ ನೆಲೆಸಿದ ಒಬ್ಬ ದಲಾಲ ಒಂದು ರವಿವಾರ ಗಿರಾಕಿಗಳನ್ನು ಕರೆತಂದ. ಗಂಡ, ಹೆಂಡತಿ, ಒಬ್ಬಳು ಮಗಳು. ಕೆಳಗೆ ಕಾರು ನೋಡಿದ ಮೇಲೆ ಎಲ್ಲರೂ ನನ್ನ ಮನೆಗೆ ಬಂದು ಚಹಾ ಕುಡಿದರು. ಹೆಂಡತಿ ಗೋಡೆಯ ಮೇಲಿನ ಫೋಟೋಗಳನ್ನು ತೋರಿಸಿ ಇದು ಯಾವ ಊರು, ಅದು ಯಾವ ಊರು ಎಂದು ಕೇಳಿದಳು. ಮಗಳು ಸೋಫಾ ಮೇಲೆ ಕುಣಿದಳು. ಅವರು ಹೋದ ಮೇಲೆ ಸಿಂಕಿನ ಮುಂದೆ ನಿಂತು ನೋಡಿದೆ: ಒಂದಕ್ಕಿಂತ ಹೆಚ್ಚು ಕಪ್ಪು ತೊಳೆಯಲು ಬಿದ್ದು ಎಷ್ಟು ಕಾಲವಾಗಿತ್ತೋ! ಅವತ್ತೇ ತೀರ್ಮಾನಿಸಿದೆ. ಕಾರು ಮಾರುವುದು ಬೇಡ. ಮಾರಾಟಕ್ಕೆ ಇಟ್ಟಿರುವುದೇ ಲಾಭ.

ಅದಕ್ಕೆ ಉಪಾಯ ಸುಲಭ. ಯಾರೂ ಕೊಡಲಾರದ ಬೆಲೆ ಹೇಳಬೇಕು. ಹೇಳಿದೆ. ಗಿರಾಕಿಗಳು ಬರುತ್ತಿದ್ದರು, ಬೆಲೆ ಕೇಳಿ ಹೌಹಾರುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ನನ್ನ ರವಿವಾರಗಳು ತುಂಬಿಕೊಂಡವು. ಆದರೆ ಪೇಟೆಯ ದರ ನನ್ನ ಬೆನ್ನಟ್ಟಿಕೊಂಡು ಬರುತ್ತಿತ್ತು. ಗಣಪತಿ ಹಬ್ಬದಲ್ಲಿ ಹೇಳಿದ ಹುಚ್ಚು ಬೆಲೆಗೆ ದೀಪಾವಳಿ ಹೊತ್ತಿಗೆ ಒಬ್ಬ ಪುಣ್ಯಾತ್ಮ "ಸರಿ, ಆಯ್ತು" ಅಂದೇಬಿಟ್ಟ. ಚಹಾದ ಟ್ರೇ ಕೆಳಗಿಟ್ಟೆ.

"ಅಣ್ಣನ್ನ ಒಂದು ಮಾತು ಕೇಳಬೇಕು," ಅಂದೆ.

"ಅಣ್ಣಾರು ಎಲ್ಲಿರತಾರ್ರೀ ಅಕ್ಕಾರ?" ಅಂದ ದಲಾಲ.

"ನೈರೋಬಿ."

ನನಗೆ ಅಣ್ಣನೇ ಇಲ್ಲ. ಆದರೆ ಹೇಳಿದ ಮೇಲೆ ಅವನನ್ನು ಸಾಕಲೇಬೇಕಾಯಿತು. ಒಂದು ವಾರ ಅಣ್ಣ ಊರಲ್ಲಿರಲಿಲ್ಲ. ಇನ್ನೊಂದು ವಾರ ಅವನಿಗೆ ಸಿಟ್ಟು ಬಂದಿತ್ತು. ಆಮೇಲೆ ಫೋನನ್ನೇ ಎತ್ತಲಿಲ್ಲ. ದಲಾಲನಿಗೆ ಗಿರಾಕಿಗಿಂತ ಅಣ್ಣನ ಚಿಂತೆಯೇ ಹೆಚ್ಚಾಯಿತು. ಒಂದು ರವಿವಾರ ಗಿರಾಕಿ ಇಲ್ಲದೆ ಒಬ್ಬನೇ ಬಂದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇಷ್ಟು ದೇಶ ತಿರುಗಿದಾಕಿ ನೀವು, ಆ ಮನಷ್ಯಾಗ ಯಾಕ ಹೆದರತೀರಿ? ಪಂಚಮಿಗೆ ಬಂದಿದ್ದನೇನು? ನಿಮಗ ಜ್ವರ ಬಂದಾಗ ಒಂದು ಫೋನ್ ಮಾಡಿದ್ದನೇನು?"

ಇಲ್ಲ, ಮಾಡಿರಲಿಲ್ಲ. ಇಲ್ಲದ ಅಣ್ಣ ಬಾರದ್ದಕ್ಕೆ ನನಗೆ ನಿಜವಾಗಿಯೂ ಸಂಕಟವಾಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳಬ್ಯಾಡ್ರಿ," ಅಂದ ಅವನು. "ಇಂಥ ಅಣ್ಣ ಇರೋದಕ್ಕಿಂತ ಇಲ್ಲದಿರೋದು ಚಲೋ."

ಆ ಏರ್ಪಾಡು ಮೊದಲಿನಿಂದಲೂ ಇತ್ತು.

ಕಾಕುವಿನ ಬಾಕಿ

ಅವನ ಕನಿಕರ ತಡೆಯಲಾರದೆ ಕೊನೆಗೆ ಒಂದು ಬೆಲೆ ಹೇಳಿಬಿಟ್ಟೆ. "ಇಷ್ಟು ಕೊಡೋರು ಸಿಕ್ಕರೆ ಅಣ್ಣನ್ನೂ ಕೇಳೋದಿಲ್ಲ, ಕೊಟ್ಟೇಬಿಡ್ತೀನಿ." ಆ ಬೆಲೆಗೆ ವಿಮಾನ ಬರಬೇಕು, ಕಾರಲ್ಲ. ಹೋಳಿಯ ಹೊತ್ತಿಗೆ ಪೇಟೆ ಅದನ್ನೂ ಮುಟ್ಟಿತು. ಆಡಿದ ಮಾತು ತಪ್ಪುವಂತಿರಲಿಲ್ಲ.

ಕಾರು ಒಯ್ಯಲು ದಲಾಲ ಬರುವುದೂ ಒಂದು ರವಿವಾರಕ್ಕೇ ನಿಗದಿಯಾಯಿತು. ಇನ್ನು ಮುಂದೆ ನನ್ನ ಬಾಗಿಲ ಗಂಟೆ ಬಾರಿಸಲು ಯಾರಿಗೂ ಕಾರಣವಿಲ್ಲ ಎಂದುಕೊಳ್ಳುತ್ತಾ ಕೆಳಗಿಳಿದರೆ, ಕಾರಿನೊಳಗೆ ಸ್ಟೀರಿಂಗ್ ಮುಂದೆ ಕಾಕು ಕೂತಿದ್ದರು.

ಕಾಕು, ಅಂದರೆ ಚಿಕ್ಕಮ್ಮ, ಅಂತ ನಾನು ಕರೆಯುವ ಇವರು ಬೆಳಗಾವಿ ಕಡೆಯವರು. ಎದುರಿನ ಬಿಲ್ಡಿಂಗಿನಲ್ಲಿ ಒಬ್ಬರೇ ಇರುತ್ತಾರೆ. ನಾನು ತಿಂಗಳುಗಟ್ಟಲೆ ಪರದೇಶದಲ್ಲಿರುತ್ತಿದ್ದಾಗ ಬ್ಯಾಟರಿ ಸಾಯದಿರಲಿ ಎಂದು ಅವರ ಕೈಗೆ ಒಂದು ಕೀಲಿ ಕೊಟ್ಟಿದ್ದೆ. ವಾರಕ್ಕೊಮ್ಮೆ ಬಂದು ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಕೂತು, ಆರಿಸಿ ಹೋಗುವುದು ಅವರ ಕೆಲಸ. ಕಾರು ಓಡಿಸಲು ಬಾರದು, ಕೂರಲು ಚೆನ್ನಾಗಿ ಬರುತ್ತದೆ. "ಬಂದ ಮೇಲೆ ನಿಮ್ಮನ್ನ ದೊಡ್ಡ ಸುತ್ತು ಹಾಕಿಸ್ತೀನಿ" ಅಂತ ಪ್ರತಿ ಸಲ ವಿಮಾನ ಹತ್ತುವ ಮುಂಚೆ ಹೇಳುತ್ತಿದ್ದೆ. ಬಂದ ಮೇಲೆ ಮತ್ತೆ ಹೊರಡುತ್ತಿದ್ದೆ. ಬಾಕಿ ಹಾಗೇ ಉಳಿದಿತ್ತು.

"ಗಾಡಿ ಮಾರಿದೀಯಂತ. ನನ್ನ ಸುತ್ತು?" ಅಂದರು ಕಾಕು.

"ಈಗಲೇ ಹೋಗೋಣ ಬರ್ರಿ. ದಾದರ್ ತನಕ. ಆ ಕಡೆ ಸರೀರಿ."

"ನಾ ಯಾಕ ಸರೀಲಿ? ಇಷ್ಟು ವರ್ಷ ನಾ ಕೂತ ಜಾಗಾ ಇದು. ನೀ ಆ ಕಡೆ ಕೂಡು."

"ನಿಮಗ ಹೊಡೀಲಿಕ್ಕೆ ಬರೂದಿಲ್ಲಲ್ರೀ ಕಾಕು!"

"ಹೊಡೀತೀನಿ ಅಂದೆನೇನು? ಕೂಡತೀನಿ ಅಂದೆ."

ನಾನು ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ನನ್ನದೇ ಕಾರಿನ ಆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಹೊಸದರಂತೆ ಗಟ್ಟಿಯಾಗಿತ್ತು, ಯಾರೂ ಕೂತೇ ಇರಲಿಲ್ಲವಲ್ಲ. ಬೆಲೆ ಹೇಳುವಾಗ ಇದನ್ನೂ ಸೇರಿಸಬೇಕಿತ್ತು.

ಕಾಕು ಕೀಲಿ ತಿರುಗಿಸಿದರು. ಎಂಜಿನ್ ಗುರುಗುಟ್ಟಿತು. "ಎಲ್ಲಿಗೆ?" ಅಂದೆ.

"ನೀ ಹೋದ ಕಡೆ. ನನಗ ಈ ಗ್ವಾಡಿ ನೋಡಿ ನೋಡಿ ಸಾಕಾಗೇತಿ."

ಎದುರಿಗಿದ್ದದ್ದು ಕಾಂಪೌಂಡಿನ ಗೋಡೆ. ಗಂಟಲು ಸರಿಪಡಿಸಿಕೊಂಡು, ಬಾವುಟ ಹಿಡಿದಂತೆ ಬೆರಳೆತ್ತಿ, ಕೈರೋದಿಂದ ಶುರು ಮಾಡಿದೆ. "ಎಡಕ್ಕೆ ನೋಡ್ರಿ, ನೈಲ್ ನದಿ. ಸೇತುವೆ ದಾಟಿದರೆ ಬಲಕ್ಕೆ ಪಿರಮಿಡ್ಡು, ಅದರ ನೆರಳಲ್ಲಿ ಒಂಟೆಗಳು." ಕಾಕು ಎಡಕ್ಕೆ ಪಂಪ್‌ಹೌಸ್ ಕಡೆ ನೋಡಿದರು, ಬಲಕ್ಕೆ ಕಸದ ಡ್ರಮ್ಮಿನ ಕಡೆ ನೋಡಿದರು, ತಲೆಯಾಡಿಸಿದರು.

ಹಿಂದಿನ ಬಾಗಿಲು ತೆರೆದುಕೊಂಡಿತು. ದಲಾಲ. "ಅಕ್ಕಾರ, ಕೀಲಿ ಕೊಡತೀರೇನ್ರೀ?"

"ಸುಮ್ನ ಕೂಡೋ ತಮ್ಮಾ," ಅಂದರು ಕಾಕು ಹಿಂದಕ್ಕೆ ತಿರುಗದೆ. "ಟ್ರಾಫಿಕ್ ಐತಿ."

ಅವನು ಪಾಪ, ಒಳಗೆ ಕೂತು ಬಾಗಿಲು ಹಾಕಿಕೊಂಡ. ಅಷ್ಟರಲ್ಲಿ ನೆಲಮಹಡಿಯ ಸಾಹೇಬರು ಜಾಗ ಅಳೆಯಲು ಟೇಪು ಹಿಡಿದು ಕಾರಿನ ಮುಂದೆಯೇ ಬಂದು ನಿಂತರು. ಕಾಕು ಹಾರ್ನ್ ಒತ್ತಿದರು. ಸಾಹೇಬರು ಟೇಪು ಬಿಟ್ಟು ಗೋಡೆಗೆ ಅಂಟಿಕೊಂಡರು. ನಾನು ಪಿರಮಿಡ್ಡಿನಿಂದ ಸಂತೆಗೆ, ಸಂತೆಯಿಂದ ಮಸಾಲೆ ಅಂಗಡಿಗಳ ಓಣಿಗೆ ಹೊರಳಿದೆ. ಎಷ್ಟೋ ದಿನಗಳ ಮೇಲೆ ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು. ಹಿಂದಿನ ಸೀಟಿನಿಂದ ದಲಾಲ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದ:

"ಅಕ್ಕಾರ, ಅಲ್ಲಿ ಹಳೇ ಗಾಡಿ ರೇಟು ಹೆಂಗೈತ್ರಿ?"

ಕಾಕು ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. ಸೀರೆ ಸರಿಮಾಡಿಕೊಂಡು ಇಳಿದು, ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ನನ್ನ ಕಡೆ ತಿರುಗಿದರು.

"ಆತು, ನಿನ್ನ ಬಾಕಿ ತೀರ್ತು. ಆದ್ರ ಇಷ್ಟು ದೂರ ಗಾಡಿ ತಂದೀನಿ, ಡ್ರೈವರ್ ಪಗಾರ ಯಾರು ಕೊಡತಾರ? ರವಿವಾರಕ್ಕೊಮ್ಮೆ ವಸೂಲಿಗೆ ಬರತೀನಿ. ಚಹಾ ಇಡು."