ನೀಲಿ ಹೊಗೆಯ ಪ್ರಮಾಣಪತ್ರ

೨೦೦೬ನೇ ಇಸವಿ ಜೂನ್ ಇಪ್ಪತ್ತಾರರ ಸೋಮವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ, ಹೊಸಬೈಲು ಯಂತ್ರ ಬಳಕೆದಾರರ ಸಂಘದ ತೋಟದ ಟ್ರ್ಯಾಕ್ಟರು ಪೂರ್ವಾನುಮತಿ ಪಡೆಯದೆ ನೀಲಿ ಹೊಗೆ ಬಿಟ್ಟು, ಚಂದ್ರಮತಿಯ ಗದ್ದೆಯ ಅಂಚಿನಲ್ಲಿ ನಿಂತುಹೋಯಿತು.

ಹೊಸಬೈಲು ಇರುವುದು ಕುಂದಾಪುರದ ಕಡೆಯ ನಾವುಂದದ ಆಚೆಗೆ. ಟ್ರ್ಯಾಕ್ಟರು ಸಣ್ಣದು; ಒಂದೇ ಸಿಲಿಂಡರಿನದು, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಂಥದ್ದು. ತೆಂಗಿನ ತೋಟಕ್ಕೆಂದು ಬಂದದ್ದು ಗದ್ದೆಗೂ ಇಳಿದು ಹದಿನಾರು ವರ್ಷ ದುಡಿದಿತ್ತು. ಸಂಘದ ದಾಖಲೆಯಲ್ಲಿ ಅದರ ವಯಸ್ಸು ಎರಡು. ಬಣ್ಣ ಬಳಿದಾಗಲೆಲ್ಲ ವಯಸ್ಸನ್ನು ಸೊನ್ನೆಯಿಂದ ಎಣಿಸುವುದು ಅಲ್ಲಿನ ಪದ್ಧತಿ.

ಚಂದ್ರಮತಿ ಇಪ್ಪತ್ತು ವರ್ಷ ಮನೆಮನೆಗೆ ಮೀನು ಹೊತ್ತು ಮಾರಿದವಳು. ಮಂಡಿ ಸೋತ ಮೇಲೆ ಬುಟ್ಟಿ ಇಳಿಸಿ ಮುಕ್ಕಾಲು ಎಕರೆ ಗದ್ದೆ ಮಾಡಿಕೊಂಡಿದ್ದಳು. ಆ ದಿನ ಅವಳ ಭತ್ತದ ಅಗೆಗೆ, ಅಂದರೆ ನಾಟಿಯ ಸಸಿಗೆ, ಇಪ್ಪತ್ತೊಂದು ದಿನ. ಮೂವತ್ತು ದಾಟಿದರೆ ಅಗೆ ಬಲಿತುಹೋಗುತ್ತದೆ. ನೆಟ್ಟರೂ ಹುಲ್ಲೇ ಹೆಚ್ಚು. ಮತ್ತೆ ಬಿತ್ತಲು ಮನೆಯಲ್ಲಿ ಬೀಜ ಉಳಿದಿರಲಿಲ್ಲ. ಅಂದರೆ ಅವಳಿಗಿದ್ದದ್ದು ಒಂಬತ್ತು ದಿನ. ಎಂಜಿನ್ ದುರಸ್ತಿಯ ಅರ್ಜಿ ವಿಲೇವಾರಿಗೆ ಸಂಘಕ್ಕಿದ್ದದ್ದು ತೊಂಬತ್ತು ದಿನ.

"ಒಂಬತ್ತ್ ದಿನದ್ ಅರ್ಜಿ ಇಲ್ಯಾ, ಚೆನ್ನಯ್ಯಣ್ಣ?" ಎಂದು ಅವಳು ಕಾರ್ಯದರ್ಶಿಯನ್ನು ಕೇಳಿದಳು.

"ಇತ್ತ್. ಅದ್ ಬೇಕಾರೆ ತೊಂಬತ್ತ್ ದಿನ ಮೊದ್ಲ್ ಹೇಳ್ಕ್."

ಚೆನ್ನಯ್ಯ ಸುಳ್ಳು ಹೇಳುವ ಮನುಷ್ಯನಲ್ಲ. ನಿಯಮದ ಪುಸ್ತಕ ಬಿಡಿಸಿ ತೋರಿಸಿದ. ಹಾಗೇ ಇತ್ತು.

ಚಂದ್ರಮತಿ ದಿನಕ್ಕೆರಡು ಸಲ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂರತೊಡಗಿದ್ದರಿಂದ, ಮೆಟ್ಟಿಲು ತೆರವುಗೊಳಿಸುವ ಸಲುವಾಗಿ ಬುಧವಾರ ತುರ್ತು ಸಭೆ ಕರೆಯಲಾಯಿತು. ದೋಣಿ ಎಂಜಿನ್ ರಿಪೇರಿಯ ಕಿಟ್ಟನಿಗೂ ಹೇಳಿಕಳಿಸಿದರು. ಅವನು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಎಂಜಿನ್ ಬಿಚ್ಚಬೇಕು ಎಂದ. ಒಳಗಿನ ದೋಷವನ್ನು ಲಿಖಿತವಾಗಿ ಕೊಟ್ಟ ನಂತರವೇ ಎಂಜಿನ್ ಬಿಚ್ಚತಕ್ಕದ್ದು ಎಂದು ಚೆನ್ನಯ್ಯ ಹದಿನಾಲ್ಕನೇ ನಿಯಮ ಓದಿದ. ಬಿಚ್ಚಿದ ನಂತರವೇ ಲಿಖಿತವಾಗಿ ಕೊಡಬಹುದು ಎಂದು ಕಿಟ್ಟ. ಇಬ್ಬರ ಮಾತೂ ಸರಿಯೆಂದು ಸಭೆಗೆ ಕಂಡದ್ದರಿಂದ ಚಾ ತರಿಸಲಾಯಿತು.

ಚಾ ಕುಡಿದ ಮೇಲೆ ಕಿಟ್ಟ, "ಬಿಚ್ದೆ ಹೇಳುಕೂ ಒಂದ್ ದಾರಿ ಇತ್ತ್. ಬನಿ," ಎಂದು ಎಲ್ಲರನ್ನೂ ಅಂಗಳಕ್ಕೆ ಕರೆದ. ಹ್ಯಾಂಡಲ್ ತಿರುಗಿಸಿದ. ಬಿಗಿಯಾಗಿರಬೇಕಾದದ್ದು ಅಕ್ಕಿ ಹಾಕದ ರುಬ್ಬುಕಲ್ಲಿನ ಹಾಗೆ ಸಲೀಸಾಗಿ ತಿರುಗಿತು. ಆಮೇಲೆ ಸಕ್ಕರೆ ಡಬ್ಬಿಯ ಚಮಚ ತಂದು, ಗಾಳಿ ಎಳೆಯುವ ಬಾಯಿಂದ ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು, ಮತ್ತೆ ತಿರುಗಿಸಿದ. ಈಗ ಹ್ಯಾಂಡಲ್ ಬಿಗಿಯಾಗಿತ್ತು.

"ಕಂಡ್ರ್ಯಾ? ಎಣ್ಣೆ ಹೋಯ್ ರಿಂಗಿನ್ ಸಂದ್ ಮುಚ್ತ್. ಅಂದ್ರೆ ರಿಂಗ್ ಸವ್ದಿತ್ತ್. ಲೈನರ್, ಪಿಸ್ಟನ್, ರಿಂಗ್ ಮೂರೂ ಹೊಸ್ತ್ ಹಾಕ್ಕ್."

ಹೇಳುತ್ತ ಇನ್ನೊಂದು ಸಲ ತಿರುಗಿಸಿದ್ದೇ ತಪ್ಪಾಯಿತು. ಎಂಜಿನ್ ಚಾಲೂ ಆಯಿತು. ನೀಲಿ ಹೊಗೆಯ ನಡುವೆ ಸದಸ್ಯರು ಚಪ್ಪಾಳೆ ತಟ್ಟಿದರು. ಆರು ನಿಮಿಷ ಓಡಿ ಅದು ನಿಂತಿತು.

"ದುರಸ್ತಿ ಆಯ್ತ್," ಎಂದರು ಅಧ್ಯಕ್ಷ ಪ್ರೇಮಾನಂದರು. "ಬರ್ಕೊ ಚೆನ್ನಯ್ಯ."

"ಹ್ವಾಯ್, ಅದ್ ರಿಪೇರಿ ಅಲ್ದೆ!" ಎಂದ ಕಿಟ್ಟ. "ಸೀಕ್ ಎಲ್ಲಿತ್ತ್ ಅಂದೇಳಿ ಕಂಡದ್ ಅಷ್ಟೇ."

"ಕಂಡದ್ದಕ್ಕೇ ಗುಣ ಆಯ್ತಲ್ಲ ಮಾರಾಯಾ. ನಿನ್ ಕೈಗುಣ."

ಚಂದ್ರಮತಿಗೆ ತಡೆಯಲಾಗಲಿಲ್ಲ. "ಪ್ರೇಮಾನಂದಣ್ಣ, ಹಳ್ಸಿದ್ ಬಂಗ್ಡಿ ಮೀನಿನ್ ಕಿವಿ ಎತ್ತಿ ಕಂಡ್ರೆ ಬಂಗ್ಡಿ ಹೊಸ್ತ್ ಆತ್ತಾ?"

ಪ್ರೇಮಾನಂದರು ಸ್ವಲ್ಪ ಯೋಚಿಸಿ, "ಬಂಗ್ಡಿ ಯಂತ್ರ ಅಲ್ಲ," ಎಂದರು. ಇದೂ ನಡಾವಳಿಯಲ್ಲಿ ದಾಖಲಾಯಿತು.

ಮರುದಿನ ಬೋರ್ಡಿನ ಮೇಲೆ ಪ್ರಕಟಣೆ ಬಂತು: "ಟ್ರ್ಯಾಕ್ಟರು ಸಂಪೂರ್ಣ ದುರಸ್ತಿಯಾಗಿದ್ದು, ಬಳಕೆದಾರರು ಪ್ರತಿ ಆರು ನಿಮಿಷಕ್ಕೊಮ್ಮೆ ಒಂದು ಚಮಚ ಎಣ್ಣೆ ಹಾಕತಕ್ಕದ್ದು. ಚಮಚವನ್ನು ಬಳಕೆದಾರರೇ ತರತಕ್ಕದ್ದು. ಮನೆಬಳಕೆಯ ಚಮಚ ಸಲ್ಲದು. ಅಂಗೀಕೃತ ಚಮಚ ಹಾಗೂ ಎಣ್ಣೆ ನಾವುಂದ ಪೇಟೆಯ ಒಂದು ಅಂಗಡಿಯಲ್ಲಿ ಲಭ್ಯ." ಆ ಒಂದು ಅಂಗಡಿ ಪ್ರೇಮಾನಂದರ ಪಾತ್ರೆ ಅಂಗಡಿ. ಎಣ್ಣೆ ಡಬ್ಬಗಳನ್ನು ಇಡಲು ಅವರು ಅಂದೇ ಬೆಳಿಗ್ಗೆ ಕೊಡಪಾನಗಳನ್ನು ಹಿಂದಕ್ಕೆ ಸರಿಸಿದ್ದರು.

ಚಂದ್ರಮತಿ ಚಮಚ ಕೊಂಡಳು. ಚಾಲಕ ದುಗ್ಗಪ್ಪ ಗದ್ದೆಗಿಳಿದ. ಆರು ನಿಮಿಷ ಉಳುವುದು, ನಿಲ್ಲುವುದು, ಮಳೆಗೆ ಕೊಡೆ ಹಿಡಿದು ಎಣ್ಣೆ ಬಿಡುವುದು, ಹ್ಯಾಂಡಲ್ ತಿರುಗಿಸುವುದು. ಶನಿವಾರ ಸಂಜೆಗೆ ಗದ್ದೆಯ ಒಂದು ಮೂಲೆ ಹದವಾಗಿತ್ತು. ದುಗ್ಗಪ್ಪನ ಬಲಗೈ ಊದಿತ್ತು. ಅಗೆಗೆ ಇಪ್ಪತ್ತಾರು ದಿನವಾಗಿತ್ತು.

ಚಂದ್ರಮತಿ ನೇರ ಕಿಟ್ಟನ ಶೆಡ್ಡಿಗೆ ಹೋದಳು. "ಆಯ್ತವಾರ ಆಫೀಸಿಗ್ ರಜೆ ಅಲ್ದಾ? ಹಾಂಗಾರೆ ನಿಯಮಕ್ಕೂ ರಜೆಯೇ. ಹೊಸ ಅಕ್ಕಿ ಬಪ್ಪತಿಗೆ ನಿಂಗ್ ಒಂದ್ ಮುಡಿ. ಬತ್ಯಾ?"

"ಬತ್ತೆ ಅಕ್ಕ. ಆರೆ ಚಮಚ ಮನ್ಯಗೇ ಇಡ್."

ಕುಂದಾಪುರದಿಂದ ಸಾಮಾನು ತಂದು, ಭಾನುವಾರ ಗದ್ದೆಯಂಚಿನಲ್ಲಿ ಟಾರ್ಪಾಲು ಕಟ್ಟಿ ಅವನು ಎಂಜಿನ್ ಬಿಚ್ಚಿದ. ಪಿಸ್ಟನ್ ಓಡಾಡುವ ಹಳೇ ಲೈನರ್ ಕೊಳವೆಯ ಒಳಗೆ ಬೆರಳಾಡಿಸಲು ಚಂದ್ರಮತಿಗೆ ಹೇಳಿದ. ಮೇಲ್ಗಡೆ ಅವಳ ಉಗುರು ಒಂದು ಅಂಚಿಗೆ ಸಿಕ್ಕಿಕೊಂಡಿತು. ಹದಿನಾರು ವರ್ಷ ಪಿಸ್ಟನ್ ಉಜ್ಜಿ ಸವೆದ ಗುರುತು ಅದು. ಹಳೇ ರಿಂಗನ್ನು ಲೈನರಿನೊಳಗೆ ಕೂರಿಸಿದಾಗ, ಕಾಗದ ತೂರುವಷ್ಟೇ ಸಂದು ಇರಬೇಕಾದ ಅದರ ಎರಡು ತುದಿಗಳ ನಡುವೆ ಅವಳ ತಾಳಿಯ ಗುಂಡು ತೂರುವಷ್ಟು ಜಾಗವಿತ್ತು. ಹೊಸ ಲೈನರ್, ಪಿಸ್ಟನ್, ರಿಂಗ್ ಕೂತವು. ಸಂಜೆ ಎರಡನೇ ಸುತ್ತಿಗೇ ಎಂಜಿನ್ ಚಾಲೂ ಆಯಿತು. ಹೊಗೆ ಇರಲಿಲ್ಲ.

ಸೋಮವಾರ ಏಳು ಗಂಟೆಗಳ ಕಾಲ ಟ್ರ್ಯಾಕ್ಟರು ನಿಲ್ಲದೆ ಓಡಿ ಗದ್ದೆ ಮುಗಿಸಿತು. ಮಂಗಳವಾರ ನಾಟಿ ಮುಗಿಯಿತು. ಬುಧವಾರ ನೋಟೀಸು ಬಂತು.

"ಚಮಚಕ್ಕೆ ಆರ್ ನಿಮಿಷ," ಎಂದ ಚೆನ್ನಯ್ಯ, ಗದ್ದೆಯಂಚಿನಲ್ಲಿ ನಿಂತು. "ಏಳ್ ಗಂಟಿಗೆ ಎಪ್ಪತ್ತ್ ಚಮಚ. ಎಲ್ಲಿತ್ತ್ ಲೆಕ್ಕ?"

"ಹಾಕ್ಲೇ ಇಲ್ಲೆ. ಎಂಜಿನ್ ಸರಿ ಆಯ್ತ್."

"ಹೋದ್ ಬುಧ್ವಾರವೇ ಎಂಜಿನ್ ಸರಿ ಆಯ್ತಲ್ಲ, ನಿರ್ಣಯ ಇತ್ತ್. ಸರಿ ಇದ್ದದ್ದನ್ನ್ ಬಿಚ್ಚೂದ್ ಅಪರಾಧ."

ಜೊತೆಗೆ ಬಂದಿದ್ದ ಪ್ರೇಮಾನಂದರು ತೀರ್ಪು ಓದಿದರು. ಹಳೇ ರಿಂಗುಗಳನ್ನು ಮರಳಿ ಜೋಡಿಸತಕ್ಕದ್ದು. ಚಮಚವಿಲ್ಲದೆ ಉತ್ತ ಗದ್ದೆಯನ್ನು ಉಳದ ಗದ್ದೆಯೆಂದು ಪರಿಗಣಿಸಲಾಗಿದ್ದು, ಅದರಲ್ಲಿನ ಅಗೆಯನ್ನು ಕಿತ್ತು, ನಿಯಮಬದ್ಧವಾಗಿ ಉತ್ತು, ಪುನಃ ನೆಡತಕ್ಕದ್ದು.

ಚಂದ್ರಮತಿ ಗದ್ದೆಯ ಕಡೆ ನೋಡಿದಳು. ಅಗೆ ಆಗಲೇ ತಲೆ ಎತ್ತಿ ನಿಂತಿತ್ತು. ಅವಳು ಸೊಂಟದ ಸೆರಗಿನಿಂದ ಅಂಗೀಕೃತ ಚಮಚ ತೆಗೆದು ಪಕ್ಕದಲ್ಲಿದ್ದ ಕಿಟ್ಟನ ಕೈಗೆ ಕೊಟ್ಟಳು.

"ಎಪ್ಪತ್ತೂ ಹೊಯ್ಯಿ."

"ಎಂತ ಅಕ್ಕ, ಒಳ್ಳೆ ಎಂಜಿನ್ನಿಗ್..."

"ಹೊಯ್ಯಿ ಮಾರಾಯಾ. ನಂಗ್ ಅಗೆ ಉಳಿಕ್."

ಕಿಟ್ಟ ಮೊದಲ ಚಮಚ ಬಿಟ್ಟ. ಒಳ್ಳೆಯ ಎಂಜಿನ್ನು ಬೇಡದ ಎಣ್ಣೆಯನ್ನು ಸುಟ್ಟು ದಟ್ಟ ನೀಲಿ ಹೊಗೆ ಬಿಟ್ಟಿತು. ಪ್ರೇಮಾನಂದರ ಮುಖ ಅರಳಿತು. "ಇದೇ! ಇದೇ ಹೊಗೆ!" ಎಂದರು. ಬಾಕಿ ಅರವತ್ತೊಂಬತ್ತು ಚಮಚ ಹಾಕಲು ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ಚೆನ್ನಯ್ಯ ಕೊಡೆ ಹಿಡಿದು ಎಣಿಸಿದ. ತೀರ್ಪು ಹಿಂಪಡೆದು, ಯಂತ್ರ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ನೀಲಿ ಹೊಗೆಯೇ ಪ್ರಮಾಣ ಎಂದು ಹೊಸ ನಿಯಮ ಬರೆಯಲಾಯಿತು. ಕಿಟ್ಟನನ್ನು ಹೊಗೆ ಪರಿವೀಕ್ಷಕನಾಗಿ ನೇಮಿಸಲಾಯಿತು.

ಅಂದಿನಿಂದ ಹೊಸಬೈಲಿನಲ್ಲಿ ಯಾವ ತೊಂದರೆಯೂ ಆಗಿಲ್ಲ. ಹೊಗೆ ಬಿಡದ ಹೊಸ ಟಿಲ್ಲರ್ ತಂದ ಒಬ್ಬರು, ಊರವರು ದಿನಾ ಬಂದು ಏನು ಹಾಳಾಗಿದೆಯೆಂದು ವಿಚಾರಿಸತೊಡಗಿದ್ದರಿಂದ, ತಾವೂ ಒಂದು ಚಮಚ ಕೊಂಡರು. ಪ್ರತಿ ಜೂನಿನಲ್ಲಿ ಮೊದಲ ಉಳುಮೆ ಚಂದ್ರಮತಿಯ ಗದ್ದೆಯದ್ದು. ಕಿಟ್ಟ ಎಣ್ಣೆ ಬಿಡುತ್ತಾನೆ, ದುಗ್ಗಪ್ಪ ಹ್ಯಾಂಡಲ್ ತಿರುಗಿಸುತ್ತಾನೆ, ಚೆನ್ನಯ್ಯ ಪುಸ್ತಕ ಮುಂದೆ ಹಿಡಿಯುತ್ತಾನೆ. ಹೊಗೆ ನೀಲಿ ಬಂದದ್ದನ್ನು ಸರಿಯಾಗಿ ನೋಡಿ, ಎರಡು ಸಲ ಕೆಮ್ಮಿ, ಎಂಜಿನ್ ಸುಸ್ಥಿತಿಯಲ್ಲಿದೆ ಎಂದು ಅವಳು ರುಜು ಹಾಕುತ್ತಾಳೆ.